ಹಳೆಯದಾದಷ್ಟೂ ರುಚಿ ಹೆಚ್ಚುತ್ತದೆಯೇ?

ಈ ಕಂತಿಗೆ ವಯನಾಡಿನ ಕನ್ನಡ ಓದುಗರ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಒಬ್ಬರು ಕಾಫಿಯ ಬಗ್ಗೆ ಕೇಳಿದ್ದಾರೆ, ಇನ್ನೊಬ್ಬರು ಫ್ರಾನ್ಸಿನ ವೈನ್ ಬಗ್ಗೆ. ಕಾಪಿಟ್ಟದ್ದು ಮಾಗಿದೆಯೋ ಕೆಟ್ಟಿದೆಯೋ ಎಂದು ತಿಳಿಯುವುದು ಹೇಗೆ ಎಂಬ ಸಂದೇಹ ಇಬ್ಬರಿಗೂ ಇದೆ. ಇನ್ನೆರಡು ಪತ್ರಗಳು ಪ್ಯಾಕೆಟ್ ಮೇಲಿನ ಗುರುತು ಮತ್ತು ರುಚಿ ನೋಡುವ ಕೆಲಸದ ಬಗ್ಗೆ.

ಪ್ರಶ್ನೆ: ಮೀನಂಗಡಿಯ ಹತ್ತಿರ ನಮಗೆ ಮೂರು ಎಕರೆ ರೊಬಸ್ಟಾ ತೋಟವಿದೆ. 2024ರಲ್ಲಿ ಬೆಲೆ ಏರುತ್ತಿದ್ದಾಗ ಇನ್ನಷ್ಟು ಏರೀತೆಂದು ಇಪ್ಪತ್ತು ಚೀಲ ಚೆರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ) ಮಾರದೆ ಇಟ್ಟುಕೊಂಡೆ. ಎರಡು ಮಳೆಗಾಲ ಕಳೆಯಿತು. ಈಗ ವ್ಯಾಪಾರಿ ಒಂದು ಹಿಡಿ ತೆಗೆದು ಮೂಸಿ, "ಹಳೇ ಮಾಲು, ರುಚಿ ಹೋಗಿದೆ" ಎನ್ನುತ್ತಾರೆ. ಫ್ರಾನ್ಸಿನ ವೈನ್ ಇಟ್ಟಷ್ಟೂ ಬೆಲೆ ಬಾಳುತ್ತದಂತೆ. ನನ್ನ ಕಾಫಿಗೆ ಮಾತ್ರ ಏಕೆ ಹೀಗಾಯಿತು? ಎಲ್ಲವೂ ಹೋದಂತೆಯೇ? ರಾತ್ರಿ ನಿದ್ದೆ ಹತ್ತುತ್ತಿಲ್ಲ.
— ಕಾಫಿ ಬೆಳೆಗಾರರು, ಮೀನಂಗಡಿ

ಉತ್ತರ: ಇಪ್ಪತ್ತು ಚೀಲ ಪೂರ್ತಿ ನಷ್ಟವೇ ಎಂಬುದು ನಿಮ್ಮ ಮೊದಲ ಚಿಂತೆ. ಮೊದಲು ಅದಕ್ಕೆ ಸಮಾಧಾನ ಹೇಳುತ್ತೇನೆ. ಕಣದಲ್ಲಿ ಚೆನ್ನಾಗಿ ಒಣಗಿಸಿ, ಸಿಪ್ಪೆ ತೆಗೆಯದೆ ಇಟ್ಟಿದ್ದೀರಿ. ಸಿಪ್ಪೆ ಬೀಜಕ್ಕೆ ಒಳ್ಳೆಯ ಕವಚ. ನೀರು ಸೋರದೆ, ಬೂಷ್ಟು ಹಿಡಿಯದೆ ಇದ್ದರೆ ಎರಡು ವರ್ಷಕ್ಕೆ ಅದು ಬಿಸಾಡುವ ಮಟ್ಟಕ್ಕೆ ಇಳಿಯುವುದಿಲ್ಲ. ಮೇಲ್ದರ್ಜೆಯ ಬೆಲೆ ಸಿಗಲಾರದು, ಸಾಧಾರಣ ಮಾಲಿನ ಬೆಲೆಗೆ ಖಂಡಿತ ಹೋಗುತ್ತದೆ. ಬೆಲೆ ಕಾದು ಮಾರಬೇಕೆಂದುಕೊಂಡದ್ದೂ ಸಹಜವೇ. ಆ ವರ್ಷ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರ ಮುಟ್ಟಿತ್ತು. ಆಗ ಕಾದು ನೋಡಿದವರಲ್ಲಿ ನೀವೊಬ್ಬರೇ ಇರಲಿಲ್ಲ.

ಇನ್ನು ವೈನ್ ವಿಚಾರ. ಫ್ರಾನ್ಸಿನಲ್ಲಿ ತಯಾರಾಗುವ ವೈನ್ ಎಲ್ಲವೂ ಇಟ್ಟಷ್ಟೂ ಮಾಗುತ್ತದೆ ಎಂಬುದು ಬಹಳ ಜನರ ನಂಬಿಕೆ. ನಿಜ ಬೇರೆ. ಅಲ್ಲಿನ ಬಹುಪಾಲು ವೈನ್ ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದು ಮಾಡಿದ್ದು. ಬೋರ್ಡೋ, ಬರ್ಗಂಡಿ ಪ್ರಾಂತ್ಯಗಳ ಆಯ್ದ ಕೆಂಪು ವೈನ್, ಸೋತೆರ್ನ್‌ನ ಸಿಹಿ ವೈನ್‌ನಂಥ ಕೆಲವಕ್ಕೆ ಮಾತ್ರ ಹತ್ತಾರು ವರ್ಷ ಬಾಳುವ ಕಸುವಿದೆ. ಉಪ್ಪಿನಕಾಯಿಯನ್ನು ಉಪ್ಪು, ಹುಳಿ, ಎಣ್ಣೆ ಕಾಯುವ ಹಾಗೆ ಈ ವೈನ್‌ಗಳನ್ನು ಹುಳಿ, ಆಲ್ಕೋಹಾಲ್, ಸಕ್ಕರೆ ಮತ್ತು ಟ್ಯಾನಿನ್ (ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಒಗರು) ಕಾಯುತ್ತವೆ. ಅದರ ಮೇಲೆ ಬಿಗಿಯಾದ ಬಿರಡೆ ಇರುತ್ತದೆ. ಬಾಟಲಿ ಮಲಗಿರುವ ನೆಲಮಾಳಿಗೆಗೆ ಬೆಳಕು ಬರುವುದಿಲ್ಲ, ವರ್ಷವಿಡೀ 12–14 ಡಿಗ್ರಿ ತಂಪು. ಇಷ್ಟೆಲ್ಲ ಕೂಡಿ ಬಂದರೆ ಮಾತ್ರ ಕಾಲ ಆ ವೈನ್‌ಗೆ ಒಳಿತು ಮಾಡುತ್ತದೆ.

ಹಸಿ ಕಾಫಿ ಬೀಜಕ್ಕೆ (ಹುರಿಯದ ಬೀಜಕ್ಕೆ) ಇಂಥ ಕಾವಲು ಇಲ್ಲ. ಅದು ಮೂಲತಃ ಮೊಳೆಯಬೇಕಾದ ಬೀಜ. ಕೆಲವು ತಿಂಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ, ಒಳಗಿನ ಸಕ್ಕರೆ ಕರಗುತ್ತದೆ. ರೊಬಸ್ಟಾ ಬೀಜದಲ್ಲಿ ಹತ್ತನೇ ಒಂದು ಭಾಗದಷ್ಟಿರುವ ಕೊಬ್ಬಿನಂಶ ಗಾಳಿಯ ಆಮ್ಲಜನಕ ತಾಗಿ ಕಮಟುತ್ತದೆ. ಇದರ ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಯನಾಡಿನ ಗಾಳಿಯಲ್ಲಿ ಎಷ್ಟು ತೇವವಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೀಜ ಆ ತೇವವನ್ನು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ, ಮತ್ತೆ ಕುಡಿಯುತ್ತದೆ. ಎರಡು ಮಳೆಗಾಲ ಹೀಗೆ ನಡೆದರೆ ರುಚಿ ಸಪ್ಪೆಯಾಗಿ, ಹಳೆಯ ಗೋಣಿಚೀಲದ, ಒಣಕಟ್ಟಿಗೆಯ ವಾಸನೆ ಕೂಡಿಕೊಳ್ಳುತ್ತದೆ. ವ್ಯಾಪಾರಿ ಮೂಸಿ ಹೇಳಿದ್ದು ಇದನ್ನೇ.

"ಮಳೆಗಾಳಿಗೆ ಒಡ್ಡಿದ ಕಾಫಿಗೆ ವಿದೇಶದಲ್ಲಿ ಬೆಲೆ ಇದೆಯಲ್ಲ" ಎಂದು ನಿಮಗೆ ಯಾರಾದರೂ ಹೇಳಿರಬಹುದು. ಅದು ಮಾನ್ಸೂನ್ಡ್ ಮಲಬಾರ್. ಹಾಯಿಹಡಗಿನ ಕಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಿಂದ ಹೊರಟ ಕಾಫಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಬೇಕಾಗಿತ್ತು. ದಾರಿಯುದ್ದಕ್ಕೂ ಸಮುದ್ರದ ತೇವ ಕುಡಿದು ಬೀಜ ಊದಿಕೊಂಡು ಹೊಂಬಣ್ಣಕ್ಕೆ ತಿರುಗುತ್ತಿತ್ತು, ಹುಳಿ ಇಳಿದು ಮೆದುವಾಗುತ್ತಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗುಗಳೂ ಬಂದ ಮೇಲೆ ಪ್ರಯಾಣ ಚಿಕ್ಕದಾಯಿತು. ಹಳೆಯ ರುಚಿಗೆ ಒಗ್ಗಿದ್ದ ಗಿರಾಕಿಗಳಿಗೆ ಹೊಸ ಕಾಫಿ ಹಿಡಿಸಲಿಲ್ಲ. ಹಾಗಾಗಿ ಆ ಬದಲಾವಣೆಯನ್ನು ದಡದಲ್ಲೇ ತರಿಸುವ ಕೆಲಸ ಶುರುವಾಯಿತು. ಇಂದಿಗೂ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿ ಸಂಸ್ಕರಣಾ ಘಟಕಗಳಲ್ಲಿ) ಮುಂಗಾರಿನ ತಿಂಗಳುಗಳಲ್ಲಿ ಇದನ್ನು ಮಾಡುತ್ತಾರೆ.

ಬೋರ್ಡೋದ ವೈನ್‌ಗೂ ಇದೇ ಅನುಭವವಾಗಿತ್ತೆಂಬುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಸೇಂಟ್ ಎಸ್ತೆಫ್ ಎಂಬಲ್ಲಿನ ಲೂಯಿ ಗಾಸ್ಪಾರ್ ದೆಸ್ತೂರ್ನೆಲ್ 19ನೇ ಶತಮಾನದ ಮೊದಲ ಭಾಗದಲ್ಲಿ ತಮ್ಮ ವೈನನ್ನು ಭಾರತಕ್ಕೂ ಕಳುಹಿಸುತ್ತಿದ್ದರು. ಇಲ್ಲಿ ಮಾರಾಟವಾಗದೆ ಹಡಗಿನಲ್ಲಿ ಮರಳಿದ ವೈನ್ ಇನ್ನಷ್ಟು ಹದವಾಗಿದೆ ಎಂದು ಕಂಡು, "ಇಂಡೀಸ್‌ನಿಂದ ಮರಳಿದ್ದು" ಎಂದೇ ಅದನ್ನು ಮಾರಿದರಂತೆ. ಅವರ ಕೋಸ್ ದೆಸ್ತೂರ್ನೆಲ್ ವೈನ್ ತೋಟದ ಕಟ್ಟಡದ ಮೇಲೆ ಇಂದಿಗೂ ಪೂರ್ವದೇಶದ ಗುಡಿಗಳನ್ನು ನೆನಪಿಸುವ ಗೋಪುರಗಳಿವೆ.

ಆದರೆ ದಯವಿಟ್ಟು ಇದನ್ನು ಓದಿ ನಿಮ್ಮ ಉಗ್ರಾಣದಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಮಾನ್ಸೂನಿಂಗ್‌ಗೆ ಆರಿಸುವುದು ಅದೇ ಹಂಗಾಮಿನ ದಪ್ಪ, ದೋಷವಿಲ್ಲದ ಬೀಜವನ್ನು. ಗಾಳಿಯಾಡುವ ಕಟ್ಟಡದಲ್ಲಿ ಅದನ್ನು ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ, ಸಡಿಲವಾಗಿ ಚೀಲಕ್ಕೆ ತುಂಬಿ, ಗಾಳಿ ಹಾಯುವಂತೆ ಸಾಲಾಗಿ ಒಟ್ಟಿ, ಚೀಲ ಬದಲಿಸುತ್ತಾ ಮೂರು ನಾಲ್ಕು ತಿಂಗಳು ಕಾಯುತ್ತಾರೆ. ಕೊನೆಗೆ ಬೂಷ್ಟು ಬಂದದ್ದನ್ನು, ಊದದೆ ಉಳಿದದ್ದನ್ನು ಆರಿಸಿ ತೆಗೆಯುತ್ತಾರೆ. ಮೂಲೆಯಲ್ಲಿ ಒಟ್ಟಿಟ್ಟ ಚೀಲಕ್ಕೆ ಈ ಆರೈಕೆ ಸಿಗುವುದಿಲ್ಲ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಪ್ರತಿ ಚೀಲದ ನಡುವಿನಿಂದ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಒಣಗಿದ್ದರೆ ಗಲಗಲ ಎನ್ನುತ್ತದೆ. ಸಿಪ್ಪೆ ಒಡೆದು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ. ಗಟ್ಟಿಯಾಗಿರಬೇಕು, ಹಲ್ಲು ಮೆತ್ತಗೆ ಇಳಿದರೆ ತೇವ ಏರಿದೆ ಎಂದರ್ಥ. ತೇವಾಂಶ ನೂರಕ್ಕೆ ಹನ್ನೊಂದರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಬೂಷ್ಟು ಕಂಡ ಚೀಲವನ್ನು ಕೂಡಲೇ ಬೇರೆ ಇಡಿ. ಕೆಲವು ಬೂಷ್ಟಿನಿಂದ ಓಕ್ರಾಟಾಕ್ಸಿನ್ (ಹುರಿದರೂ ಪೂರ್ತಿ ಹೋಗದ ನಂಜು) ಹುಟ್ಟುತ್ತದೆ. ಅದನ್ನು ಯಾವ ಬೆಲೆಗೂ ಮಾರಬೇಡಿ.

ಆಮೇಲೆ ನೀವೇ ರುಚಿ ನೋಡಿ, ವ್ಯಾಪಾರಿಯ ಮೂಗನ್ನೊಂದೇ ನೆಚ್ಚಿಕೊಳ್ಳಬೇಡಿ. ಹಳೆಯದು ಒಂದು ಹಿಡಿ, ಈ ವರ್ಷದ್ದು ಒಂದು ಹಿಡಿ, ಎರಡನ್ನೂ ಸಿಪ್ಪೆ ತೆಗೆದು ಬಾಣಲೆಯಲ್ಲಿ ಒಂದೇ ಬಣ್ಣಕ್ಕೆ, ಹೊತ್ತಿಸದೆ ಹುರಿಯಿರಿ. ತರಿತರಿಯಾಗಿ ಪುಡಿ ಮಾಡಿ, 200 ಮಿಲಿ ನೀರಿಗೆ 11 ಗ್ರಾಂ ಲೆಕ್ಕದಲ್ಲಿ ಲೋಟಕ್ಕೆ ಹಾಕಿ. ಹಾಲು, ಸಕ್ಕರೆ, ಚಿಕೋರಿ ಬೇಡ. ಕುದಿ ಇಳಿದ ನೀರು ಹೊಯ್ದು ನಾಲ್ಕು ನಿಮಿಷ ಬಿಡಿ. ಮೇಲೆ ಪುಡಿಯ ಕೆನೆ ಕಟ್ಟಿರುತ್ತದೆ. ಮೂಗನ್ನು ಲೋಟದ ಬಾಯಿಗೆ ತಂದು ಚಮಚದ ಬೆನ್ನಿನಿಂದ ಆ ಕೆನೆಯನ್ನು ಒಡೆಯಿರಿ. ಒಳಗೆ ಅಡಗಿದ್ದ ವಾಸನೆಯೆಲ್ಲ ಆ ಕ್ಷಣದಲ್ಲಿ ಹೊರಬರುತ್ತದೆ. ತೇಲುವುದನ್ನು ತೆಗೆದು, ಆರಿದ ಮೇಲೆ ಚಮಚದಿಂದ ಸೊರ್ರನೆ ಎಳೆದು ಕುಡಿಯಿರಿ. ಸದ್ದಾಗಲಿ, ಸಂಕೋಚ ಬೇಡ. ಗಾಳಿಯೊಡನೆ ಎಳೆದರೇ ವಾಸನೆ ಮೂಗಿನ ಹಿಂಬದಿಗೆ ಮುಟ್ಟುವುದು. ವೃತ್ತಿಯವರು ಕಪ್ಪಿಂಗ್ (ಕಾಫಿ ರುಚಿ ಪರೀಕ್ಷೆ) ಎನ್ನುವುದೂ ಇದನ್ನೇ. ಬಿಸಿಯಲ್ಲಿ ಒಮ್ಮೆ, ಉಗುರುಬೆಚ್ಚಗಿದ್ದಾಗ ಒಮ್ಮೆ, ತಣ್ಣಗಾದ ಮೇಲೆ ಒಮ್ಮೆ ನೋಡಿ. ಗೋಣಿ, ಕಟ್ಟಿಗೆ, ಮುಗ್ಗಲು ಇದ್ದರೆ ತಣ್ಣಗಾದಾಗ ಅದು ಎದ್ದು ಕಾಣುತ್ತದೆ.

ಚೆನ್ನಾಗಿ ಉಳಿದ ಚೀಲ, ಸಪ್ಪೆಯಾದ ಚೀಲ ಎಂದು ಬೇರ್ಪಡಿಸಿ ಮಾರಿ. ಹೊಸ ಬೆಳೆಯೊಡನೆ ಬೆರೆಸಿದರೆ ಹೊಸದರ ಬೆಲೆಯೂ ಬೀಳುತ್ತದೆ. ಮುಂದೆ ಬೆಲೆಗಾಗಿ ಕಾಯುವುದಾದರೆ ಮುಂಗಾರು ಮುಟ್ಟುವ ತನಕ ಕಾಯಿರಿ, ಅದಕ್ಕಿಂತ ಹೆಚ್ಚು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಿ. ಗೊಬ್ಬರ, ಸೀಮೆಎಣ್ಣೆ, ಶುಂಠಿ ಅದೇ ಕೋಣೆಯಲ್ಲಿದ್ದರೆ ಕಾಫಿ ಆ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಚೂಂಡೇಲ್‌ನಲ್ಲಿ ಕಾಫಿ ಮಂಡಳಿಯ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ. ಕೊಯ್ಲಿಗೆ ಮುಂಚೆಯೇ ಒಮ್ಮೆ ಅಲ್ಲಿಗೆ ಹೋಗಿ ಒಣಗಿಸುವ, ದಾಸ್ತಾನು ಮಾಡುವ ವಿಚಾರವನ್ನು ಕೇಳಿ ಬನ್ನಿ.

ಪ್ರಶ್ನೆ: ಮಗ ಫ್ರಾನ್ಸಿನಲ್ಲಿ ಕೆಲಸದಲ್ಲಿದ್ದಾನೆ. ಹಿಂದೊಮ್ಮೆ ಬಂದಾಗ 1998ರ ಬೋರ್ಡೋ ಕೆಂಪು ವೈನ್ ಒಂದು ಬಾಟಲಿ ತಂದುಕೊಟ್ಟ. ವಿಶೇಷ ದಿನಕ್ಕಿರಲಿ ಎಂದು ಮೂರು ವರ್ಷದಿಂದ ಬೀರುವಿನ ಮೇಲೆ ನಿಲ್ಲಿಸಿಟ್ಟಿದ್ದೇವೆ. ಈಗ ತಳದಲ್ಲಿ ಕಪ್ಪು ಗಸಿ ಕಾಣುತ್ತಿದೆ. ಮುಂದಿನ ತಿಂಗಳು ಮಗ ತನ್ನ ಅತ್ತೆ ಮಾವನವರನ್ನು ಕರೆದುಕೊಂಡು ಬರುತ್ತಾನೆ. ವೈನ್ ವಿಷವಾಗಿರಬಹುದೇ? ಬೀಗರ ಮುಂದೆ ಮುಖಭಂಗವಾದರೆ ಎಂದು ನಮ್ಮವರಿಗೂ ನನಗೂ ಭಯ.
— ಗೃಹಿಣಿ, ಸುಲ್ತಾನ್ ಬತ್ತೇರಿ

ಉತ್ತರ: ಅಮ್ಮಾ, ಗಸಿ ಕಂಡು ಹೆದರಬೇಡಿ. ಒಳ್ಳೆಯ ಹಳೆಯ ಕೆಂಪು ವೈನ್‌ನಲ್ಲಿ ಗಸಿ ಇರುವುದು ಸಹಜ. ಬಣ್ಣದ ಅಂಶ, ಒಗರಿನ ಅಂಶ ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕೆ ಇಳಿದದ್ದು ಅದು. ಬಾಯಿಗೆ ಬಂದರೆ ಕಹಿ, ಮರಳು ಮರಳು ಅನಿಸುತ್ತದೆ, ಹೊಟ್ಟೆಗೆ ಕೇಡಿಲ್ಲ. ವೈನ್‌ನಲ್ಲಿ ಹುಳಿಯೂ ನೂರಕ್ಕೆ ಹನ್ನೆರಡು, ಹದಿಮೂರು ಪಾಲು ಆಲ್ಕೋಹಾಲೂ ಇರುವುದರಿಂದ ರೋಗ ತರುವ ಕ್ರಿಮಿಗಳು ಅದರಲ್ಲಿ ಬೆಳೆಯಲಾರವು. ಕೆಟ್ಟರೂ ರುಚಿ ಕೆಡುತ್ತದೆಯೇ ಹೊರತು ವಿಷವಾಗುವುದಿಲ್ಲ.

ನನಗೆ ಸ್ವಲ್ಪ ಅಳುಕಿರುವುದು ಗಸಿಯ ಬಗ್ಗೆ ಅಲ್ಲ, ಬೀರುವಿನ ಬಗ್ಗೆ. ಸೂರಿಗೆ ಹತ್ತಿರದ ಜಾಗ ಬೇಸಿಗೆಯಲ್ಲಿ ಕಾಯುತ್ತದೆ. ಸೆಕೆಯಲ್ಲಿ ಮೂರು ಬೇಸಿಗೆ ಕಳೆದ ವೈನ್ ಬೇಗ ಮುಪ್ಪಾಗುತ್ತದೆ. ನಿಲ್ಲಿಸಿಟ್ಟಾಗ ಬಿರಡೆಯೂ ಒಣಗಿ ಕುಗ್ಗಬಹುದು. ಹಾಗೆಂದು ಈಗಲೇ ಆಸೆ ಬಿಡಬೇಡಿ. ಬಾಟಲಿಯನ್ನು ಬೆಳಕಿಗೆ ಹಿಡಿದು ವೈನ್ ಮಟ್ಟ ಎಲ್ಲಿದೆ ನೋಡಿ. ಕುತ್ತಿಗೆಯ ಬುಡದಲ್ಲಿದ್ದರೆ ಒಳ್ಳೆಯದು. ಭುಜದ ನಡುವಿಗಿಂತ ಕೆಳಗಿಳಿದಿದ್ದರೆ ಗಾಳಿ ಒಳಗೆ ಹೋಗಿದೆ. ಬಿರಡೆಯ ಸುತ್ತ ಅಂಟು ಜಿನುಗಿದ್ದರೆ ಅದೂ ಸೆಕೆಯ ಗುರುತು.

ಇವತ್ತೇ ಬಾಟಲಿಯನ್ನು ಕೆಳಗಿಳಿಸಿ ಬಟ್ಟೆ ಸುತ್ತಿ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಮಲಗಿಸಿ. ತೆರೆಯುವ ದಿನಕ್ಕೆ ಎರಡು ದಿನ ಮೊದಲು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಕೂರಲಿ. ಅತಿಥಿಗಳು ಬರುವ ಒಂದೆರಡು ಗಂಟೆ ಮೊದಲು ಹೊರಗಿಟ್ಟರೆ ಸಾಕು. ಈ ಥರದ ವೈನ್‌ಗೆ 16–18 ಡಿಗ್ರಿ ಹದ.

ಇಪ್ಪತ್ತೈದು ದಾಟಿದ ಬಿರಡೆ ಮೆದುವಾಗಿರುತ್ತದೆ, ಮುರಿದರೂ ಗಾಬರಿ ಬೇಡ. ಚೂರು ಒಳಗೆ ಬಿದ್ದರೆ ತೊಳೆದ ತೆಳು ಬಟ್ಟೆಯಲ್ಲಿ ಸೋಸಿ. ಗಾಜಿನ ಹೂಜಿಗೆ ನಿಧಾನವಾಗಿ, ಒಂದೇ ಧಾರೆಯಲ್ಲಿ ಬಗ್ಗಿಸಿ. ಬಾಟಲಿಯ ಕುತ್ತಿಗೆಯ ಹಿಂದೆ ಮೊಂಬತ್ತಿ ಹಚ್ಚಿಟ್ಟರೆ ಗಸಿ ಹರಿದು ಬರುವುದು ಕಾಣುತ್ತದೆ. ಕಂಡ ಕೂಡಲೇ ನಿಲ್ಲಿಸಿ. ಕೊನೆಯ ಅರ್ಧ ಲೋಟ ಬಾಟಲಿಯಲ್ಲೇ ಉಳಿಯಲಿ. ಇಷ್ಟು ಹಳೆಯ ವೈನ್ ಗಾಳಿ ತಾಗಿದ ಮೇಲೆ ಬೇಗ ಸೊರಗುತ್ತದೆ. ಹಾಗಾಗಿ ಸುರಿದಿಟ್ಟು ಗಂಟೆಗಟ್ಟಲೆ ಕಾಯಬೇಡಿ.

ಈಗ ಪರೀಕ್ಷೆ. ಲೋಟದ ಮೂರನೇ ಒಂದು ಭಾಗ ಸುರಿದು, ಬಿಳಿ ಕಾಗದದ ಮೇಲೆ ಓರೆ ಹಿಡಿಯಿರಿ. ನಡುವೆ ದಾಳಿಂಬೆಯ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಇದ್ದರೆ ವಯಸ್ಸಿಗೆ ತಕ್ಕದ್ದು. ಪೂರ್ತಿ ಕಂದಾದರೆ ಕಾಲ ಮೀರಿದೆ. ಅಲ್ಲಾಡಿಸದೆ ಒಮ್ಮೆ ಮೂಸಿ, ತಿರುಗಿಸಿ ಇನ್ನೊಮ್ಮೆ ಮೂಸಿ. ಎಳೆಯ ವೈನ್‌ನ ಹಣ್ಣಿನ ವಾಸನೆ ಹಿಂದೆ ಸರಿದು ತರಗೆಲೆ, ಅಣಬೆ, ತೊಗಲು, ಹೊಗೆಸೊಪ್ಪು, ಮಳೆ ಬಿದ್ದ ಕಾಡಿನ ನೆಲದಂಥ ವಾಸನೆ ಮುಂದೆ ಬಂದಿರುತ್ತದೆ. ಮೊದಲ ಸಲ ಮೂಸಿದವರಿಗೆ "ಇದೇನು ಕೆಟ್ಟಿದೆಯೇ" ಅನಿಸುವುದು ಸಹಜ. ಕೆಟ್ಟದ್ದರ ಗುರುತು ಬೇರೆ: ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ, ಮೂಗಿಗೆ ಚುಚ್ಚಿದರೆ ವಿನೆಗರ್ ಆಗಿದೆ, ಬೇಯಿಸಿದ ಹಣ್ಣಿನ ಪಾಕದಂತಿದ್ದರೆ ಸೆಕೆ ತಿಂದಿದೆ. ಬಾಯಲ್ಲಿ ಒಗರು ಮೆದುವಾಗಿ, ಹುಳಿ ಇನ್ನೂ ಜೀವಂತವಾಗಿದ್ದು, ನುಂಗಿದ ಮೇಲೂ ರುಚಿ ಸ್ವಲ್ಪ ಹೊತ್ತು ನಿಂತರೆ ಆ ಬಾಟಲಿ ಗೆದ್ದಿದೆ.

ಬೀಗರ ವಿಚಾರಕ್ಕೆ ಒಂದು ಮಾತು. ಹಳೆಯ ಬಾಟಲಿ ಕೆಲವೊಮ್ಮೆ ಕೈಕೊಡುತ್ತದೆ ಎಂಬುದು ಫ್ರಾನ್ಸಿನಿಂದ ಬರುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. "ಮಗ ತಂದದ್ದು, ನೀವು ಬಂದ ದಿನವೇ ತೆರೆಯೋಣ ಎಂದು ಕಾದಿದ್ದೆವು" ಎನ್ನಿ. ಅಡುಗೆ ಮಾತ್ರ ಖಾರ ಕಡಿಮೆ ಇರಲಿ. ಮೆಣಸಿನ ಉರಿಯ ಮುಂದೆ ಹಳೆಯ ವೈನ್ ನಿಲ್ಲುವುದಿಲ್ಲ. ಮನೆಯಲ್ಲಿ ಯಾರಾದರೂ ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರು ಮೂಸಿ ನೋಡುವುದಷ್ಟೇ ಸಾಕು.

ಪ್ರಶ್ನೆ: ವಯನಾಡು ರೊಬಸ್ಟಾಗೆ ಭೌಗೋಳಿಕ ಸೂಚಕ (ಊರಿನ ಹೆಸರಿನ ಮೇಲಿನ ಕಾನೂನಿನ ಹಕ್ಕು) ಸಿಕ್ಕಿದೆ. ನಮ್ಮ ಪಂಚಾಯಿತಿ ಇಂಗಾಲ ತಟಸ್ಥವಾಗಬೇಕೆಂಬ (ಹೊರಬಿಡುವಷ್ಟೇ ಇಂಗಾಲವನ್ನು ಹೀರಿಕೊಳ್ಳಬೇಕೆಂಬ) ಯೋಜನೆಯೂ ಇದೆ. ಪ್ಯಾಕೆಟ್ ಮೇಲೆ ಇವನ್ನು ನೋಡಿ ಕೊಂಡರೆ ಮೋಸ ಹೋಗುವುದಿಲ್ಲವಲ್ಲ?
— ಅಂಗಡಿ ನಡೆಸುವವರು, ಮೀನಂಗಡಿ

ಉತ್ತರ: ನಿಮ್ಮ ಎಚ್ಚರಿಕೆ ಸರಿಯಾದದ್ದೇ. 2019ರಲ್ಲಿ ಸಿಕ್ಕ ಸೂಚಕ ಕಾಫಿ ಎಲ್ಲಿ ಬೆಳೆದದ್ದು ಎಂದು ಹೇಳುತ್ತದೆ. 2016ರಲ್ಲಿ ಮೀನಂಗಡಿಯಲ್ಲಿ ಶುರುವಾದ ಯೋಜನೆ ಆ ನೆಲ, ಮರಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬುದರ ಬಗ್ಗೆ. ಎರಡೂ ಹೆಮ್ಮೆಪಡುವಂಥವು. ಕೊಯ್ಲು, ಒಣಗಿಸುವಿಕೆ, ದಾಸ್ತಾನು ಹೇಗಿತ್ತು ಎಂಬುದಕ್ಕೆ ಅವು ಹೊಣೆಯಲ್ಲ.

ಫ್ರಾನ್ಸಿನಲ್ಲೂ ಹೀಗೆಯೇ. ಊರಿನ ಹೆಸರನ್ನು ಕಾಯುವ ಅಲ್ಲಿನ ಕಾನೂನು 1935ರದು. ಅದಕ್ಕೂ ಮೊದಲು, 1855ರಲ್ಲಿ, ಬೋರ್ಡೋದ ವೈನ್‌ಗಳಿಗೆ ಅಂದಿನ ಮಾರುಕಟ್ಟೆ ಬೆಲೆಯ ಆಧಾರದ ಮೇಲೆ ದರ್ಜೆ ಕಟ್ಟಿದರು. ಆ ಪಟ್ಟಿ ಹೆಚ್ಚುಕಡಿಮೆ ಹಾಗೆಯೇ ಇದೆ. 1973ರಲ್ಲಿ ಮೂತೋಂ ರೋತ್‌ಶೀಲ್ಡ್ ಎಂಬ ವೈನ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದೇ ದೊಡ್ಡ ಸುದ್ದಿಯಾಯಿತು. ಆದರೂ ಕೊಳ್ಳುವವರು ವರ್ಷ ವರ್ಷವೂ ರುಚಿ ನೋಡಿಯೇ ಕೊಳ್ಳುತ್ತಾರೆ. ನೀವೂ ಪ್ಯಾಕೆಟ್ ಮೇಲೆ ಹುರಿದ ದಿನಾಂಕ ನೋಡಿ, ಒಂದನ್ನು ಒಡೆದು ಕುಡಿದು, ಆಮೇಲೆ ಅಂಗಡಿಗೆ ತರಿಸಿ.

ಪ್ರಶ್ನೆ: ನಾವು ವಯನಾಡಿನ ಜೈನರು. ಮನೆಯಲ್ಲಿ ಕನ್ನಡ. ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಮುಂದಿನ ವರ್ಷ ವೈನ್ ರುಚಿ ನೋಡುವ ತರಗತಿ ಇದೆಯಂತೆ. ಮನೆಯಲ್ಲಿ ಮದ್ಯ ಮುಟ್ಟುವುದಿಲ್ಲ. ಅಜ್ಜಿಗೆ ಗೊತ್ತಾದರೆ ನೊಂದುಕೊಳ್ಳುತ್ತಾರೆ. ರುಚಿ ನೋಡದಿದ್ದರೆ ಈ ಕೆಲಸಕ್ಕೆ ನಾನು ಯೋಗ್ಯಳಲ್ಲವೇ? ಖಾರ ತಿಂದು ಬೆಳೆದ ನಾಲಿಗೆಗೆ ಇದೆಲ್ಲ ತಿಳಿಯುತ್ತದೆಯೇ?
— ವಿದ್ಯಾರ್ಥಿನಿ

ಉತ್ತರ: ಅಜ್ಜಿಯ ಮನಸ್ಸು ನೋಯದೆ ಓದು ಮುಗಿಸಬೇಕೆಂಬ ನಿಮ್ಮ ಇಚ್ಛೆ ಗೌರವಕ್ಕೆ ಅರ್ಹವಾದದ್ದು. ಅದನ್ನು ದೌರ್ಬಲ್ಯ ಎಂದುಕೊಳ್ಳಬೇಡಿ.

ಮೊದಲು ಕಾನೂನಿನ ಮಾತು. ಕೇರಳದಲ್ಲಿ ಮದ್ಯ ಸೇವನೆಗೆ 23 ವರ್ಷ ತುಂಬಿರಬೇಕು. ನಿಮಗಿನ್ನೂ ತುಂಬಿಲ್ಲದಿದ್ದರೆ ಬೇಡ ಎನ್ನಲು ಅದೊಂದೇ ಕಾರಣ ಸಾಕು.

ವೃತ್ತಿಯ ರುಚಿಕಾರರು ವೈನ್ ನುಂಗುವುದಿಲ್ಲ, ಬಾಯಲ್ಲಿ ತಿರುಗಿಸಿ ಉಗುಳುತ್ತಾರೆ. ಒಂದು ಬೆಳಿಗ್ಗೆ ಹತ್ತಾರು ಲೋಟ ನೋಡಬೇಕಾದವರಿಗೆ ಬೇರೆ ದಾರಿಯಿಲ್ಲ. ಆದರೆ ನಿಮ್ಮಿಂದ ಒಂದನ್ನು ಮುಚ್ಚಿಡಲಾರೆ. ಉಗುಳಿದರೂ ಅಲ್ಪಸ್ವಲ್ಪ ಒಳಗೆ ಹೋಗುತ್ತದೆ. ಜೊತೆಗೆ ಬೋರ್ಡೋದ ಹಲವು ಕೆಂಪು ವೈನ್‌ಗಳನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ ಭಾಗ ಬಳಸುವ ಹಳೆಯ ಪದ್ಧತಿಯಿದೆ. ವ್ರತವೆಂದು ನಡೆಸುವವರಿಗೆ ಇದು ಗೊತ್ತಿರಬೇಕು. ಬಾಯಿಗೆ ಹಾಕದಿರುವುದೇ ನಿಮಗೆ ಸರಿ ಎನಿಸಿದರೆ ಹಾಗೆಯೇ ಮಾಡಿ.

ಮೂಗು ನಿಮ್ಮ ಜೊತೆಗಿದೆ. ನಾಲಿಗೆ ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಸಾರಿನಲ್ಲಿ ಬರುವ ಗಾಢ ರುಚಿ, ಇಷ್ಟನ್ನೇ. ಮಿಕ್ಕದ್ದೆಲ್ಲ ಮೂಗಿನ ಕೆಲಸ. ಮೂಗು ಬಿಗಿಯಾಗಿ ಹಿಡಿದು ಒಂದು ಏಲಕ್ಕಿ ಕಾಳು ಅಗಿಯಿರಿ. ನಾಲಿಗೆಗೆ ಒಂದಿಷ್ಟು ತಂಪು, ಚುರುಕು ಬಿಟ್ಟರೆ ಏನೂ ತಿಳಿಯದು. ಕೈ ಬಿಟ್ಟ ಕ್ಷಣಕ್ಕೆ ಏಲಕ್ಕಿ ಏಲಕ್ಕಿಯಾಗುತ್ತದೆ. ಬಣ್ಣ, ವಾಸನೆ, ದೋಷ, ವಯಸ್ಸು, ಬಾಟಲಿಯ ಚೀಟಿ ಓದುವುದು, ಬಗ್ಗಿಸುವುದು, ಯಾವ ಊಟಕ್ಕೆ ಯಾವುದು ಹೊಂದುತ್ತದೆ ಎಂಬುದು, ಇವೆಲ್ಲವನ್ನೂ ಒಂದು ಹನಿ ಕುಡಿಯದೆ ಕಲಿಯಬಹುದು.

ಖಾರದ ಭಯವನ್ನೂ ಬಿಡಿ. ಖಾರ ರುಚಿಯಲ್ಲ, ಉರಿ. ತಿಂದ ಗಳಿಗೆಗೆ ನಾಲಿಗೆಯನ್ನು ಮಂಕಾಗಿಸುತ್ತದೆ, ಶಾಶ್ವತವಾಗಿ ಅಲ್ಲ. ತರಗತಿಯ ದಿನ ಬೆಳಿಗ್ಗೆ ಉಪ್ಪಿನಕಾಯಿ ಬಿಟ್ಟರಾಯಿತು. ಗೊತ್ತಾಗದೆ ಹೋದೀತೆಂಬ ನಾಚಿಕೆಗೆ ಬೋರ್ಡೋದ್ದೇ ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನ್‌ಗೆ ಹೇಳುವ ಹಣ್ಣುಗಳ ಹೆಸರನ್ನೇ ಬರೆದರು. 2001ರಲ್ಲಿ ಪ್ರಕಟವಾದ ಅಧ್ಯಯನ ಅದು. ಕಣ್ಣು ಮೂಗನ್ನು ಹೇಗೆ ಎಳೆದೊಯ್ಯುತ್ತದೆಂದು ಅದರಿಂದ ತಿಳಿಯುತ್ತದೆ. ಹಾಗಾಗಿ ಅಡುಗೆಮನೆಯಲ್ಲೇ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಅಜ್ಜಿಯೇ ಡಬ್ಬಿ ತೆರೆದು ಮೂಗಿಗೆ ಹಿಡಿಯಲಿ: ಕರಿಮೆಣಸು, ಲವಂಗ, ಒಣಶುಂಠಿ, ಜಾಯಿಕಾಯಿ. ಹೆಸರು ಹೇಳುವ ಮೊದಲು ಅನಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ ಹುಟ್ಟಿದರೆ, ನಿಮ್ಮ ಮನೆಯ ನಿಯಮಕ್ಕೆ ಅಡ್ಡ ಬರದ ಕಾಫಿ ಇದೆ. ಬೆಂಗಳೂರಿನಲ್ಲಿ ಕಾಫಿ ಮಂಡಳಿಯು ಕಾಫಿ ಗುಣಮಟ್ಟದ ಬಗ್ಗೆಯೇ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಅದೇ ಮಂಡಳಿಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದು, ಆಮೇಲೆ ಬೆಂಗಳೂರಿನಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿದ ಸುನಾಲಿನಿ ಮೆನನ್ ಅವರನ್ನು ಏಷ್ಯಾದ ಮೊದಲ ಮಹಿಳಾ ವೃತ್ತಿಪರ ಕಾಫಿ ರುಚಿಕಾರರು ಎಂದು ಗುರುತಿಸುತ್ತಾರೆ. ಕಾಫಿಯನ್ನೂ ಉಗುಳಿಯೇ ನೋಡುವುದು.

ತರಗತಿ ಶುರುವಾಗುವ ಮೊದಲೇ ಅಧ್ಯಾಪಕರನ್ನು ಒಬ್ಬರೇ ಕಂಡು, "ನಾನು ನೋಡಿ, ಮೂಸಿ ಬರೆಯುತ್ತೇನೆ, ಬಾಯಿಗೆ ಹಾಕುವುದಿಲ್ಲ" ಎಂದು ನೇರವಾಗಿ ತಿಳಿಸಿ. ಎಲ್ಲರೆದುರು ಹೇಳಬೇಕಾದ ಸಂಕಟ ತಪ್ಪುತ್ತದೆ. ಅಜ್ಜಿಗೂ ನೀವೇ ಮೊದಲು ಹೇಳಿ, ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳುವುದು ಬೇಡ. ಅಧ್ಯಾಪಕರು ಒಪ್ಪದಿದ್ದರೆ ನನಗೆ ಮತ್ತೆ ಬರೆಯಿರಿ. ಏನು ಮಾಡಬಹುದೆಂದು ಯೋಚಿಸೋಣ.